ನೋಟವೂ ಕರ್ಮವೇ: ಕ್ಯಾಸೆಟ್ ಕಾಲದ ಕಾಮಕಥೆಗಳ ಹಳಹಳಿಕೆ ಕುರಿತು

ಅಮೆರಿಕದ ಸಿನಿಮಾಪ್ರಿಯರಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹಳಹಳಿಕೆ ಬಲವಾಗಿ ಹಬ್ಬಿದೆ. 1980ರ ದಶಕದ ಕೊನೆಯಿಂದ 1990ರ ದಶಕದ ನಡುಭಾಗದವರೆಗೆ ವಿಡಿಯೊ ಅಂಗಡಿಗಳ ಕಪಾಟು ತುಂಬಿದ್ದ ಅಗ್ಗದ ಇರಾಟಿಕ್ ಥ್ರಿಲ್ಲರುಗಳನ್ನು ಜನ ಮತ್ತೆ ಹುಡುಕಿ ತೆಗೆಯುತ್ತಿದ್ದಾರೆ. ಇವುಗಳಲ್ಲಿ ಬಹುಪಾಲು ಥಿಯೇಟರಿನ ಪರದೆಯನ್ನೇ ಕಾಣದೆ ನೇರವಾಗಿ ಕ್ಯಾಸೆಟ್ಟಿನಲ್ಲಿ ಬಿಡುಗಡೆಯಾದವು. ಲಿಂಡಾ ರುತ್ ವಿಲಿಯಮ್ಸ್ 2005ರಲ್ಲೇ ಈ ಪ್ರಕಾರದ ಬಗ್ಗೆ ವಿದ್ವತ್ಪೂರ್ಣ ಗ್ರಂಥವೊಂದನ್ನು ಬರೆದಿದ್ದರು. ಕರೀನಾ ಲಾಂಗ್‌ವರ್ತ್ ತಮ್ಮ ಸಿನಿಮಾ ಚರಿತ್ರೆಯ ಪಾಡ್‌ಕಾಸ್ಟಿನಲ್ಲಿ 2022 ಮತ್ತು 2023ರಲ್ಲಿ ಆ ಎರಡು ದಶಕಗಳ ಕಾಮಪ್ರಧಾನ ಚಿತ್ರಗಳಿಗೆಂದೇ ಎರಡು ಸರಣಿಗಳನ್ನು ಮೀಸಲಿಟ್ಟರು. 2023ರಲ್ಲಿ ಆಂಥನಿ ಪೆಂಟಾ ಅವರ ‘ವಿ ಕಿಲ್ ಫಾರ್ ಲವ್’ ಎಂಬ ದೀರ್ಘ ಸಾಕ್ಷ್ಯಚಿತ್ರ ಬಂತು. ವಿನೆಗರ್ ಸಿಂಡ್ರೋಮ್‌ನಂಥ ಸಂಸ್ಥೆಗಳು ಮರೆತುಹೋದ ಅಗ್ಗದ ಚಿತ್ರಗಳ ಪ್ರತಿಗಳನ್ನು ಶುದ್ಧಮಾಡಿ ಮತ್ತೆ ಮಾರುತ್ತಿವೆ. ಕಾಮವನ್ನು ಕೆರಳಿಸಲೆಂದೇ, ಬೇಗ ದುಡ್ಡು ಮಾಡಲೆಂದೇ ತಯಾರಾದ ಸರಕನ್ನು ಮೂವತ್ತು ವರ್ಷಗಳ ಮೇಲೆ ಮನುಷ್ಯರು ಪ್ರೀತಿಯಿಂದ ನೆನೆಯುವುದರ ಅರ್ಥವೇನು? ಇದು ಸಿನಿಮಾ ಚರಿತ್ರೆಯ ಪ್ರಶ್ನೆಯಷ್ಟೇ ಅಲ್ಲ, ನೀತಿಯ ಪ್ರಶ್ನೆ. ಧರ್ಮಚಿಂತನೆಯ ಪ್ರಶ್ನೆಯೂ ಹೌದು. ನನ್ನ ವಾದ ಇಷ್ಟು: ಈ ಹಳಹಳಿಕೆಯ ಒಳಗೆ ಒಂದು ನಿಜವಾದ ತಿಳಿವಳಿಕೆ ಅಡಗಿದೆ. ಹಂಬಲ ಇರುವುದು ಆ ಚಿತ್ರಗಳಿಗಾಗಿ ಅಲ್ಲ, ಅವುಗಳಲ್ಲಿ ಕಂಡ ಮೈಗಳಿಗಾಗಿಯೂ ಅಲ್ಲ. ನೋಡುವುದು ಕೂಡ ಒಂದು ಕರ್ಮ, ಅದಕ್ಕೆ ನೋಡುವವನು ಉತ್ತರ ಕೊಡಬೇಕು ಎಂಬ ಸ್ಥಿತಿಗಾಗಿ. ಆದರೆ ಆ ಸ್ಥಿತಿ ನ್ಯಾಯವಾಗಿತ್ತು ಎಂದು ಭಾವಿಸಿದ ಕೂಡಲೇ ಹಳಹಳಿಕೆ ಸುಳ್ಳಾಗುತ್ತದೆ.

ಮೊದಲು ಈ ಚಿತ್ರಗಳ ಕುಲವನ್ನು ತಿಳಿಯಬೇಕು. ಇವುಗಳ ಅಜ್ಜ ಎನ್ನಬಹುದಾದದ್ದು ಬಿಲ್ಲಿ ವೈಲ್ಡರ್ 1944ರಲ್ಲಿ ಮಾಡಿದ ‘ಡಬಲ್ ಇಂಡೆಮ್ನಿಟಿ’. ಪರಪುರುಷನನ್ನು ಕೂಡಿಕೊಂಡು ಗಂಡನನ್ನು ಕೊಲ್ಲಿಸುವ ಹೆಣ್ಣು, ಆಸೆಗೆ ಬಿದ್ದು ಕೆಡುವ ಗಂಡು, ಎಲ್ಲಕ್ಕೂ ಕೊನೆಯಲ್ಲಿ ತೆರಬೇಕಾದ ಬೆಲೆ — ಇದು ಅದರ ಚೌಕಟ್ಟು. ಆಗ ಹಾಲಿವುಡ್ಡಿನಲ್ಲಿ ಜಾರಿಯಲ್ಲಿದ್ದ ನೀತಿಸಂಹಿತೆ ಪಾಪಕ್ಕೆ ಶಿಕ್ಷೆಯಾಗಲೇಬೇಕು ಎಂದು ಕಡ್ಡಾಯ ಮಾಡಿತ್ತು. ಆ ಸಂಹಿತೆ 1968ರಲ್ಲಿ ಹೋಯಿತು. 1981ರಲ್ಲಿ ಲಾರೆನ್ಸ್ ಕಾಸ್ಡನ್ ಅವರ ‘ಬಾಡಿ ಹೀಟ್’ ಅದೇ ಕಥೆಯನ್ನು ಬೆತ್ತಲಾಗಿ ಹೇಳಿತು, ಅದರಲ್ಲಿ ಹೆಣ್ಣು ತಪ್ಪಿಸಿಕೊಂಡು ಹೋಗುತ್ತಾಳೆ. 1987ರ ‘ಫೇಟಲ್ ಅಟ್ರಾಕ್ಷನ್’ ಮತ್ತು 1992ರ ‘ಬೇಸಿಕ್ ಇನ್‌ಸ್ಟಿಂಕ್ಟ್’ ಲೋಕವೆಲ್ಲ ನೋಡಿದ ಚಿತ್ರಗಳಾದವು. ದೊಡ್ಡವರ ಈ ಗೆಲುವಿನ ನೆರಳಿನಲ್ಲೇ ಸಣ್ಣವರ ತಯಾರಿಕೆ ಶುರುವಾಯಿತು. ಅದರಲ್ಲಿ ಮುಂದಾಳಾಗಿದ್ದವರಲ್ಲಿ ಒಬ್ಬರು ಭಾರತೀಯರು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದ ಸಂಗತಿ. ನಾಗಪುರದಲ್ಲಿ ಹುಟ್ಟಿ, ಬಾಂಬೆ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಜಗಮೋಹನ ಮುಂದ್ರಾ, ವಿಜಯ ತೆಂಡೂಲ್ಕರ್ ಅವರ ನಾಟಕವನ್ನು ಆಧರಿಸಿ 1984ರಲ್ಲಿ ‘ಕಮಲಾ’ ಎಂಬ ಹಿಂದಿ ಚಿತ್ರ ಮಾಡಿದ್ದವರು. ಹೆಣ್ಣನ್ನು ಕೊಂಡುತಂದು ಪತ್ರಕರ್ತರ ಮುಂದೆ ನಿಲ್ಲಿಸುವ ವರದಿಗಾರನ ಕಥೆ ಅದು. ಅವರೇ ಜಗ್ ಮುಂದ್ರಾ ಎಂಬ ಹೆಸರಿನಲ್ಲಿ 1990ರಲ್ಲಿ ‘ನೈಟ್ ಐಸ್’ ಚಿತ್ರವನ್ನು ನಿರ್ದೇಶಿಸಿದರು. ಅದಾದ ಮೇಲೆ ‘ಲೀಗಲ್ ಟೆಂಡರ್’, ‘ದಿ ಅದರ್ ವುಮನ್’, ‘ಸೆಕ್ಷುಯಲ್ ಮ್ಯಾಲಿಸ್’ ಎಂದು ಒಂದರ ಹಿಂದೊಂದು ಚಿತ್ರ ಮಾಡಿದರು. ಗ್ರೆಗರಿ ಡಾರ್ಕ್, ಝಾಲ್‌ಮನ್ ಕಿಂಗ್ ಮೊದಲಾದವರು ಇದೇ ಹಾದಿಯಲ್ಲಿ ನಡೆದರು. ಶ್ಯಾನನ್ ಟ್ವೀಡ್, ಆಂಡ್ರೂ ಸ್ಟೀವನ್ಸ್ ಮುಂತಾದವರು ಈ ಕಪಾಟುಗಳ ತಾರೆಯರಾದರು.

ಇಷ್ಟೊಂದು ಚಿತ್ರಗಳು ಹುಟ್ಟಿದ್ದಕ್ಕೆ ಕಾಮದಷ್ಟೇ ಕಾನೂನು ಮತ್ತು ವ್ಯಾಪಾರವೂ ಕಾರಣ. ಜೆವಿಸಿ ಕಂಪನಿ 1976ರಲ್ಲಿ ವಿಎಚ್‌ಎಸ್ ಕ್ಯಾಸೆಟ್ಟನ್ನು ಜಪಾನಿನಲ್ಲಿ ಮಾರುಕಟ್ಟೆಗೆ ತಂದಿತು. ಮನೆಯಲ್ಲಿ ಟಿವಿ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ನೋಡುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿದ ಮೇಲೆ ವಿಸಿಆರ್‌ಗೆ ಎದುರಿಲ್ಲವಾಯಿತು. ಕಾನೂನುಬದ್ಧವಾಗಿ ಕೊಂಡ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡಲು ಅಲ್ಲಿನ ಅಂಗಡಿಯವನು ಚಿತ್ರದ ಹಕ್ಕುದಾರರನ್ನು ಕೇಳಬೇಕಿರಲಿಲ್ಲ. ಹಾಗಾಗಿ ತಯಾರಕರು ಕ್ಯಾಸೆಟ್ಟಿನ ಬೆಲೆಯನ್ನೇ ನೂರು ಡಾಲರಿನ ಆಸುಪಾಸಿಗೆ ಏರಿಸಿದರು. ಅಂಗಡಿಯವನು ಅದನ್ನು ದಿನಕ್ಕೆ ಕೆಲವೇ ಡಾಲರಿನಂತೆ ಹತ್ತಾರು ರಾತ್ರಿ ಬಾಡಿಗೆಗೆ ಕೊಟ್ಟು ಅಸಲು ದಕ್ಕಿಸಿಕೊಳ್ಳುತ್ತಿದ್ದ. ಹೆಸರುವಾಸಿ ಚಿತ್ರದ ಪ್ರತಿಗಳೆಲ್ಲ ಆಗಲೇ ಹೋಗಿದ್ದರೆ ಗಿರಾಕಿ ಬರಿಗೈಯಲ್ಲಿ ಹೋಗದಂತೆ ಕಪಾಟಿನಲ್ಲಿ ಇನ್ನೊಂದು ಏನಾದರೂ ಇರಬೇಕಿತ್ತು. ಅಂಥ ಕಡೆ ಡಬ್ಬಿಯ ಮೇಲಿನ ಚಿತ್ರವೇ ಜಾಹೀರಾತು. ಅತಿ ದೊಡ್ಡ ಸರಣಿ ಅಂಗಡಿಯಾದ ಬ್ಲಾಕ್‌ಬಸ್ಟರ್ 1985ರಲ್ಲಿ ಡಲ್ಲಾಸಿನಲ್ಲಿ ಶುರುವಾಯಿತು. ತಾನು ಕುಟುಂಬಸ್ಥರ ಅಂಗಡಿ ಎಂದು ಹೇಳಿಕೊಂಡು, ವಯಸ್ಕರಿಗಷ್ಟೇ ಎಂಬ ದರ್ಜೆ ಪಡೆದ ಚಿತ್ರಗಳನ್ನು ಅದು ಇಡುತ್ತಿರಲಿಲ್ಲ. ಹೀಗಾಗಿ ತೀರ ಅಶ್ಲೀಲವೂ ಅಲ್ಲದ, ಪೂರ್ತಿ ಸಭ್ಯವೂ ಅಲ್ಲದ ನಡುವಿನ ಜಾಗವೊಂದು ಹುಟ್ಟಿತು. ಆ ಜಾಗದಲ್ಲಿ ನಿಲ್ಲಬೇಕಾದರೆ ಚಿತ್ರಕ್ಕೆ ಕಥೆ ಬೇಕು, ಕೊಲೆ ಬೇಕು, ತನಿಖೆ ಬೇಕು, ಕೊನೆಯಲ್ಲೊಂದು ತೀರ್ಪು ಬೇಕು. ಇಲ್ಲಿ ಬೆತ್ತಲೆಯನ್ನು ಬರಿದೇ ತೋರಿಸುವಂತಿರಲಿಲ್ಲ, ಅದಕ್ಕೊಂದು ಪರಿಣಾಮವನ್ನು ಕಟ್ಟಿಯೇ ತೋರಿಸಬೇಕಿತ್ತು. ವ್ಯಾಪಾರದ ಒತ್ತಡದಿಂದ ಹುಟ್ಟಿದ ಈ ನಿರ್ಬಂಧ ಗೊತ್ತಿಲ್ಲದಂತೆ ಒಂದು ನೀತಿಯ ಚೌಕಟ್ಟಾಗಿ ಕೆಲಸಮಾಡಿತು.

ಈ ಚಿತ್ರಗಳ ವಸ್ತುವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಇವುಗಳ ನಿಜವಾದ ವಿಷಯ ಸಂಭೋಗವಲ್ಲ, ನೋಟ. ‘ನೈಟ್ ಐಸ್’ನಲ್ಲಿ ಸಂಗೀತ ತಾರೆಯೊಬ್ಬ ವಿಚ್ಛೇದನಕ್ಕೆ ಸಾಕ್ಷ್ಯ ಒದಗಿಸಿಕೊಳ್ಳಲು ಹೆಂಡತಿಯ ಮೇಲೆ ಕ್ಯಾಮೆರಾ ಕಣ್ಣಿಡಿಸುತ್ತಾನೆ. ಕಣ್ಣಿಡಬೇಕಾದ ಕಾವಲಿನವನು ಪರದೆಯ ಮುಂದೆ ಕೂತು ನೋಡುತ್ತ ನೋಡುತ್ತ ಅವಳತ್ತಲೇ ಎಳೆಯಲ್ಪಟ್ಟು, ತಾನು ನೋಡುತ್ತಿದ್ದ ದೃಶ್ಯದೊಳಗೆ ತಾನೇ ಸಿಕ್ಕಿಹಾಕಿಕೊಳ್ಳುತ್ತಾನೆ. 1992ರ ‘ಆ್ಯನಿಮಲ್ ಇನ್‌ಸ್ಟಿಂಕ್ಟ್ಸ್’ನಲ್ಲಿ ಪೊಲೀಸನೊಬ್ಬ ತನ್ನ ಹೆಂಡತಿ ಬೇರೆಯವರ ಜೊತೆ ಇರುವುದನ್ನು ಕ್ಯಾಮೆರಾ ಮೂಲಕ ನೋಡುವ ಗೀಳಿಗೆ ಬೀಳುತ್ತಾನೆ. 1993ರ ‘ಸ್ಲಿವರ್’ ದೊಡ್ಡ ಬಜೆಟ್ಟಿನ ಚಿತ್ರವಾದರೂ ಅದೂ ಇದೇ ಜಾತಿಯದು. ಕಟ್ಟಡದ ಒಡೆಯ ಪ್ರತಿಯೊಂದು ಮನೆಯೊಳಗೂ ಗುಟ್ಟಾಗಿ ಕ್ಯಾಮೆರಾ ಇಟ್ಟಿರುತ್ತಾನೆ, ಕೊನೆಗೆ ನಾಯಕಿ ಆ ಪರದೆಗಳಿಗೆಲ್ಲ ಗುಂಡು ಹೊಡೆಯುತ್ತಾಳೆ. ಕಿಟಕಿಯ ಪಟ್ಟಿಗಳ ನಡುವಿನ ಇಣುಕು, ದೂರದರ್ಶಕ, ಕನ್ನಡಿ, ಟೇಪು — ಇವು ಮತ್ತೆ ಮತ್ತೆ ಬರುತ್ತವೆ. ಇವೆಲ್ಲದರ ಹಿಂದಿರುವ ನಂಬಿಕೆ ಒಂದೇ: ನೋಡುವವನು ಹೊರಗಿನವನಾಗಿ ಉಳಿಯಲಾರ. ಕದ್ದು ನೋಡಿದವನನ್ನು ಕಥೆ ಹಿಡಿದು ಒಳಗೆಳೆದುಕೊಳ್ಳುತ್ತದೆ, ಅವನಿಂದ ಲೆಕ್ಕ ಕೇಳುತ್ತದೆ. ಚಿತ್ರಕಥೆ ಎಷ್ಟೇ ಒರಟಾಗಿರಲಿ, ನಟನೆ ಎಷ್ಟೇ ಪೇಲವವಾಗಿರಲಿ, ಈ ಒಂದು ತತ್ತ್ವವನ್ನು ಅವು ಬಿಡಲಿಲ್ಲ.

ಇದು ಹೊಸ ತತ್ತ್ವವೇನೂ ಅಲ್ಲ, ಮನುಷ್ಯ ಬಹಳ ಕಾಲದಿಂದ ಕೇಳಿಕೊಂಡು ಬಂದ ಪ್ರಶ್ನೆ. ಪ್ಲೇಟೋ ‘ರಿಪಬ್ಲಿಕ್’ ಗ್ರಂಥದ ನಾಲ್ಕನೆಯ ಭಾಗದಲ್ಲಿ ಲಿಯಾಂಟಿಯಸ್ ಎಂಬವನ ಕಥೆ ಹೇಳುತ್ತಾನೆ. ಕೊಲ್ಲಲ್ಪಟ್ಟವರ ಹೆಣಗಳನ್ನು ದಾರಿಯಲ್ಲಿ ಕಂಡು ಅವನಿಗೆ ನೋಡಬೇಕೆಂಬ ಆಸೆ, ಜೊತೆಗೇ ಅದರ ಬಗ್ಗೆ ಹೇಸಿಗೆ. ಮುಖ ಮುಚ್ಚಿಕೊಂಡು ತನ್ನೊಡನೆ ತಾನೇ ಹೋರಾಡಿ, ಕೊನೆಗೆ ಸೋತು, ತನ್ನ ಕಣ್ಣುಗಳನ್ನೇ ಬೈಯುತ್ತ ಅಲ್ಲಿಗೆ ಓಡುತ್ತಾನೆ. ಆಸೆ ಒಂದು, ವಿವೇಕ ಇನ್ನೊಂದು, ಅವೆರಡರ ನಡುವೆ ರೋಷವೆಂಬ ಮೂರನೆಯ ಶಕ್ತಿಯೂ ಆತ್ಮದಲ್ಲಿದೆ ಎಂದು ತೋರಿಸಲು ಪ್ಲೇಟೋ ಆರಿಸಿಕೊಂಡ ಉದಾಹರಣೆ ನೋಟದ್ದು ಎಂಬುದು ಗಮನಿಸಬೇಕಾದ ಮಾತು. ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಗೆಳೆಯ ಅಲಿಪಿಯಸ್ ಬಗ್ಗೆ ಬರೆಯುತ್ತಾನೆ. ಸ್ನೇಹಿತರ ಬಲವಂತಕ್ಕೆ ಗ್ಲೇಡಿಯೇಟರುಗಳ ಕಾಳಗದ ಅಖಾಡಕ್ಕೆ ಹೋದ ಅವನು ಕಣ್ಣು ಮುಚ್ಚಿಕೊಂಡೇ ಕೂತಿರುತ್ತಾನೆ. ಜನರ ಹುಯ್ಲು ಕೇಳಿ ಒಂದು ಗಳಿಗೆ ಕಣ್ಣು ತೆರೆದದ್ದೇ ತಡ, ಆ ರಕ್ತದ ಅಮಲು ಅವನನ್ನು ಹಿಡಿಯುತ್ತದೆ. ಬೆಟ್ಟದ ಪ್ರವಚನದಲ್ಲಿ ಯೇಸು ಕಾಮದ ನೋಟವನ್ನೇ ಹೃದಯದಲ್ಲಿ ನಡೆದ ವ್ಯಭಿಚಾರವೆಂದು ಎಣಿಸುತ್ತಾನೆ. ಕೈಕಾಲುಗಳನ್ನು ಕಟ್ಟಿಹಾಕಿ ಮನಸ್ಸಿನಲ್ಲಿ ವಿಷಯಗಳನ್ನು ಮೆಲುಕು ಹಾಕುವವನನ್ನು ಭಗವದ್ಗೀತೆಯ ಮೂರನೆಯ ಅಧ್ಯಾಯ ಮಿಥ್ಯಾಚಾರಿ ಎನ್ನುತ್ತದೆ. ಬೇರೆ ಬೇರೆ ನೆಲಗಳ ಈ ಚಿಂತನೆಗಳು ಒಂದು ಮಾತಿನಲ್ಲಿ ಒಟ್ಟಾಗುತ್ತವೆ: ಮೈ ಅಲುಗದಿದ್ದರೂ ನೋಟದಲ್ಲಿ, ಬಗೆಯಲ್ಲಿ ಒಂದು ಕ್ರಿಯೆ ನಡೆದುಹೋಗಿರುತ್ತದೆ.

ಕನ್ನಡದಲ್ಲಿ ಈ ವಿಚಾರವನ್ನು ಜನ್ನನಷ್ಟು ತೀಕ್ಷ್ಣವಾಗಿ ಎತ್ತಿದವರು ವಿರಳ. 1209ರ ‘ಯಶೋಧರ ಚರಿತೆ’ಯ ನಡುವಿನ ಕಥೆಯನ್ನು ಇಂದಿನವರಿಗೆ ಹೊರಗಿನ ರೂಪದಲ್ಲಿ ಹೇಳಿದರೆ ಅದೂ ಕಾಮ ಮತ್ತು ಕೊಲೆಯ ಕಥೆಯೇ. ರಾತ್ರಿ ಕೇಳಿದ ಹಾಡಿಗೆ ಮರುಳಾಗಿ ರಾಣಿ ಅಮೃತಮತಿ ವಿಕಾರ ರೂಪದ ಮಾವುತನನ್ನು ಕೂಡುತ್ತಾಳೆ. ಅರಸ ಯಶೋಧರ ಗುಟ್ಟಾಗಿ ಹಿಂಬಾಲಿಸಿ ಹೋಗಿ ಅದನ್ನು ಕಣ್ಣಾರೆ ಕಾಣುತ್ತಾನೆ. ಕತ್ತಿ ಎತ್ತಿದರೂ ಕೊಲ್ಲದೆ ಹಿಂದಿರುಗುತ್ತಾನೆ. ಆ ನೋಟ ಅವನನ್ನು ಬಿಡುವುದಿಲ್ಲ. ಕಂಡದ್ದನ್ನು ಕೆಟ್ಟ ಕನಸೆಂದು ತಾಯಿಯ ಮುಂದೆ ಮರೆಮಾಚಿ ಹೇಳುತ್ತಾನೆ. ಅವಳು ಪ್ರಾಣಿಬಲಿಯಿಂದ ಶಾಂತಿ ಮಾಡಿಸೆನ್ನುತ್ತಾಳೆ. ಜೈನನಾಗಿ ಅದಕ್ಕೊಪ್ಪದ ಅವನು ಕೊನೆಗೆ ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪುತ್ತಾನೆ. ಜೀವವಿಲ್ಲದ ಹಿಟ್ಟನ್ನು ಕಡಿದದ್ದೇ ಸಂಕಲ್ಪಹಿಂಸೆಯಾಗಿ, ಆ ಪಾಪಕ್ಕೆ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳನ್ನು ಎತ್ತಿ ತೊಳಲುತ್ತಾರೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಮತ್ತೆ ಕೈಗೆತ್ತಿಕೊಂಡದ್ದು ಈ ಗಂಟನ್ನೇ. ಹಿಟ್ಟಿನ ಕೋಳಿ ಕೋಳಿಯಲ್ಲ. ಆದರೂ ಕಡಿದವನ ಬಗೆ ಕಡಿಯುವ ಬಗೆಯೇ ಆಗಿತ್ತು. ಪರದೆಯ ಮೇಲಿನ ಬಿಂಬವೂ ಅಂಥದೇ: ಅದು ಮನುಷ್ಯಳಲ್ಲ, ಬೆಳಕು ಮಾತ್ರ. ಬೆಳಕನ್ನು ನೋಡಿದ್ದರಿಂದ ಯಾರಿಗೆ ಏನಾಯಿತು ಎನ್ನುವವನಿಗೆ ಜನ್ನನ ಜೈನದರ್ಶನ ಕೊಡುವ ಉತ್ತರ ಖಚಿತವಾದದ್ದು. ಎದುರಿಗಿರುವುದು ಬಿಂಬವೋ ವಸ್ತುವೋ ಎಂಬುದು ಎರಡನೆಯ ಪ್ರಶ್ನೆ. ನಿನ್ನೊಳಗೆ ನಡೆದದ್ದು ಏನು ಎಂಬುದು ಮೊದಲನೆಯದು.

ಇನ್ನು ಆ ಕಾಲದ ನೋಡುಗನ ಕಡೆಗೆ ಬರೋಣ. ಚಿತ್ರಗಳೊಳಗೆ ಇದ್ದ ತತ್ತ್ವ ಚಿತ್ರ ಪಡೆಯುವ ಬಗೆಯಲ್ಲೂ ಇತ್ತು. ಇಂಥ ಚಿತ್ರ ನೋಡಬೇಕೆಂದವನು ಮನೆಯಿಂದ ಹೊರಡಬೇಕಿತ್ತು. ಅಂಗಡಿಯಲ್ಲಿ ಇತರರ ನಡುವೆ ನಿಂತು, ಹತ್ತಾರು ಡಬ್ಬಿ ನೋಡಿ, ಒಂದನ್ನು ಆರಿಸಿ, ಕೌಂಟರಿನಲ್ಲಿರುವ ಮನುಷ್ಯನ ಕೈಗೆ ಕೊಟ್ಟು, ತನ್ನ ಹೆಸರಿನಲ್ಲಿ ಬರೆಸಿ, ಗೊತ್ತಾದ ದಿನದೊಳಗೆ ಅದನ್ನು ಹಿಂದಿರುಗಿಸಬೇಕಿತ್ತು. ನಮ್ಮಲ್ಲಿಯೂ 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್ ಟಿವಿ ಬಂದು, ಅದರ ಬೆನ್ನಿಗೇ ವಿಸಿಆರ್ ಬಂದು ಊರೂರಿನಲ್ಲಿ ಹುಟ್ಟಿಕೊಂಡ ವಿಡಿಯೊ ಲೈಬ್ರರಿಗಳ ರೀತಿ ಇದಕ್ಕಿಂತ ಬೇರೆಯಾಗಿರಲಿಲ್ಲ. ಆಸೆ ಕ್ರಿಯೆಯಾಗುವ ಮೊದಲು ದಾಟಬೇಕಾದ ಮೆಟ್ಟಿಲುಗಳಿವು. ಪ್ರತಿ ಮೆಟ್ಟಿಲಿನಲ್ಲೂ ಹಿಂದಿರುಗುವ ಅವಕಾಶವಿತ್ತು. ದಾಟಿದವನು ತಾನು ದಾಟಿದೆ ಎಂದು ತಿಳಿದೇ ದಾಟುತ್ತಿದ್ದ. ಈ ದಾಖಲೆಗೆ ಇದ್ದ ತೂಕ 1987ರಲ್ಲಿ ಅಮೆರಿಕಕ್ಕೆಲ್ಲ ತಿಳಿಯಿತು. ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಸ್ಥಾನಕ್ಕೆ ಅಧ್ಯಕ್ಷ ರೇಗನ್ ಹೆಸರಿಸಿದ್ದ ರಾಬರ್ಟ್ ಬೋರ್ಕ್ ಬಾಡಿಗೆಗೆ ತಂದ ಕ್ಯಾಸೆಟ್ಟುಗಳ ಪಟ್ಟಿಯನ್ನು ವಾಷಿಂಗ್ಟನ್ನಿನ ಪತ್ರಿಕೆಯೊಂದು ಅಂಗಡಿಯಿಂದ ಪಡೆದು ಪ್ರಕಟಿಸಿತು. ಪಟ್ಟಿಯಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ಆದರೂ ಎರಡೂ ಪಕ್ಷಗಳ ಜನಪ್ರತಿನಿಧಿಗಳು ಬೆಚ್ಚಿದರು. ಮರುವರ್ಷ, 1988ರಲ್ಲಿ, ಬಾಡಿಗೆ ದಾಖಲೆಗಳ ಗುಟ್ಟು ಕಾಪಾಡುವ ಕಾಯ್ದೆಯೇ ಬಂತು. ಮನುಷ್ಯ ಏನನ್ನು ನೋಡಲು ಆರಿಸಿಕೊಂಡ ಎಂಬುದು ಅವನ ಅಂತರಂಗದ ಭಾಗ ಎಂದು ಶಾಸನವೇ ಒಪ್ಪಿದ ಹಾಗಾಯಿತು.

ಇಂದಿನ ಸ್ಥಿತಿ ಇದಕ್ಕೆ ತಿರುಗುಮುರುಗು. ಬ್ಲಾಕ್‌ಬಸ್ಟರ್ 2010ರಲ್ಲಿ ದಿವಾಳಿಯಾಯಿತು. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ಈಗ ಕಾಮದ ದೃಶ್ಯಕ್ಕೆ ಕಥೆ ಬೇಕಿಲ್ಲ, ಹುಡುಕಾಟ ಬೇಕಿಲ್ಲ, ಎದುರಿಗೊಬ್ಬ ಮನುಷ್ಯನೂ ಬೇಕಿಲ್ಲ. ಬೆರಳು ಜಾರಿಸಿದರೆ ಒಂದು ಮುಗಿಯುವ ಮುಂಚೆಯೇ ಇನ್ನೊಂದು ಬಂದು ನಿಲ್ಲುತ್ತದೆ. ಎಷ್ಟೋ ಸಲ ಆರಿಸಿದ್ದು ತಾನೋ ಯಂತ್ರವೋ ಎಂದು ನೋಡುವವನಿಗೇ ಹೇಳಲಾಗದು. ಇದರಿಂದ ಗುಟ್ಟು ಹೆಚ್ಚಿತು ಎಂದುಕೊಂಡರೆ ಅದೂ ಭ್ರಮೆ. ನೆಟ್‌ಫ್ಲಿಕ್ಸ್ 2006ರಲ್ಲಿ ಒಂದು ಸ್ಪರ್ಧೆಗಾಗಿ ಸುಮಾರು 4.8 ಲಕ್ಷ ಗ್ರಾಹಕರು ಚಿತ್ರಗಳಿಗೆ ಕೊಟ್ಟ ಅಂಕಗಳನ್ನು ಹೆಸರು ತೆಗೆದು ಬಹಿರಂಗ ಮಾಡಿತು. ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ ಎಂಬ ಸಂಶೋಧಕರು ಹೆಸರಿಲ್ಲದ ಆ ದಾಖಲೆಗಳಲ್ಲೂ ವ್ಯಕ್ತಿಗಳನ್ನು ಗುರುತಿಸಬಹುದೆಂದು ತೋರಿಸಿದರು. ಬೋರ್ಕ್ ಪ್ರಸಂಗದಿಂದ ಹುಟ್ಟಿದ ಅದೇ 1988ರ ಕಾಯ್ದೆಯಡಿ ಮೊಕದ್ದಮೆ ಬಂದು, 2010ರಲ್ಲಿ ಕಂಪನಿ ಎರಡನೆಯ ಸ್ಪರ್ಧೆಯನ್ನು ಕೈಬಿಟ್ಟಿತು. ಅಂಗಡಿಯವನು ನೋಡುತ್ತಿದ್ದದ್ದಕ್ಕಿಂತ ಸಾವಿರ ಪಾಲು ಹೆಚ್ಚಾಗಿ ಇಂದು ಯಂತ್ರ ನಮ್ಮನ್ನು ನೋಡುತ್ತಿದೆ. ಆದರೆ ಅದು ಏನನ್ನೂ ಕೇಳುವುದಿಲ್ಲ. ಅದರ ಮುಂದೆ ನಾವು ಹೊಣೆಗಾರರಲ್ಲ, ಅದರ ಆಹಾರ ಅಷ್ಟೆ. ಮೊದಲು ಒಬ್ಬ ಮನುಷ್ಯನ ಎದುರು ಇನ್ನೊಬ್ಬ ಮನುಷ್ಯ ತನ್ನ ಆಸೆಯನ್ನು ಒಪ್ಪಿಕೊಳ್ಳಬೇಕಿತ್ತು. ಈಗ ಕಾಣುವ ಕಣ್ಣಿದೆ, ಕೇಳುವ ಬಾಯಿಲ್ಲ. ಹಳಹಳಿಸುವವರು ಕಳೆದುಕೊಂಡದ್ದು ಇದನ್ನೇ ಎಂದು ನಾನು ಹೇಳುತ್ತೇನೆ.

ಇದಕ್ಕೆ ಮೊದಲ ಆಕ್ಷೇಪ ಸಹಜವಾದದ್ದು. ಇದೆಲ್ಲ ಕಳೆದ ಹರೆಯದ ಹಂಬಲ, ಅದಕ್ಕೆ ತತ್ತ್ವದ ಬಣ್ಣ ಬಳಿಯಬೇಡಿ; ಆಗ ಸಿಗುವುದು ಕಷ್ಟವಿತ್ತು, ಆದ್ದರಿಂದ ರುಚಿಯಿತ್ತು, ಅಷ್ಟೆ ಎನ್ನಬಹುದು. ಈ ಮಾತಿನಲ್ಲಿ ಹುರುಳಿದೆ. ಕಾಮ ಕೊರತೆಯ ಮಗು ಎಂಬುದು ಹಳೆಯ ಅರಿವು. ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಡಯೋಟಿಮಾ ಹೇಳುವ ಕಥೆಯಲ್ಲಿ ಎರೋಸ್‌ನ ತಾಯಿ ಬಡತನ, ತಂದೆ ಉಪಾಯ. ಆದರೆ ಹರೆಯದ ವಿವರಣೆ ಎಲ್ಲವನ್ನೂ ವಿವರಿಸುವುದಿಲ್ಲ. ವಿಡಿಯೊ ಅಂಗಡಿಯ ಬಾಗಿಲನ್ನೇ ಕಾಣದ, ಆ ಕಾಲದಲ್ಲಿ ಹುಟ್ಟಿಯೇ ಇರದ ಯುವಕ ಯುವತಿಯರೂ ಈ ಚಿತ್ರಗಳತ್ತ ತಿರುಗುತ್ತಿದ್ದಾರೆ. ನೆನೆಯಲು ಅವರಿಗೆ ಆ ಹರೆಯವೇ ಇಲ್ಲ. ಇನ್ನು ಕೊರತೆಯ ಮಾತು. ಬರೀ ಕೊರತೆಯೇ ರುಚಿಯ ಗುಟ್ಟಾಗಿದ್ದರೆ ಸಿಗದ ಯಾವ ವಸ್ತುವಿಗೂ ಇದೇ ಬಗೆಯ ಹಂಬಲ ಹುಟ್ಟಬೇಕಿತ್ತು. ಇಲ್ಲಿ ಜನ ನೆನೆಯುವುದು ಸಿಗದಿದ್ದ ದುಃಖವನ್ನಲ್ಲ, ಆರಿಸಿದ ಕ್ರಿಯೆಯನ್ನು: ಕಪಾಟಿನ ಮುಂದೆ ನಿಂತದ್ದು, ಡಬ್ಬಿ ತಿರುಗಿಸಿ ಓದಿದ್ದು, ತೀರ್ಮಾನಿಸಿದ್ದು. ಸ್ವೆಟ್ಲಾನಾ ಬೋಯ್ಮ್ 2001ರ ತಮ್ಮ ಪುಸ್ತಕದಲ್ಲಿ ಎರಡು ಬಗೆಯ ಹಳಹಳಿಕೆಗಳನ್ನು ಗುರುತಿಸಿದ್ದಾರೆ. ಒಂದು ಹಳೆಯದನ್ನು ಹಾಗೆಯೇ ಮತ್ತೆ ಕಟ್ಟಬೇಕೆನ್ನುವುದು, ಇನ್ನೊಂದು ಕಳೆದದ್ದು ಕಳೆಯಿತೆಂದು ತಿಳಿದೇ ಅದರ ಬಗ್ಗೆ ಯೋಚಿಸುವುದು. ನಾನು ಸಮರ್ಥಿಸುವುದು ಎರಡನೆಯದನ್ನು ಮಾತ್ರ. ಅದು ಹಳೆಯ ಕಾಲದ ಗುಣಗಾನವಲ್ಲ. ಇಂದಿನ ಕಾಲದಲ್ಲಿ ಏನು ಇಲ್ಲವಾಗಿದೆ ಎಂಬುದಕ್ಕೆ ಸಾಕ್ಷಿ.

ಎರಡನೆಯ ಆಕ್ಷೇಪ ಇನ್ನೂ ಬಿರುಸಾದದ್ದು. ನೀವು ಹೊಣೆ ಎಂದು ಕರೆಯುವುದು ಬರೀ ನಾಚಿಕೆ, ಊರಿನ ಕಣ್ಣಿಗೆ ಅಂಜುವ ಕಪಟ. ಆ ಕೌಂಟರನ್ನು ದಾಟಲಾರದೆ ಎಷ್ಟೋ ಹೆಂಗಸರು, ಸಲಿಂಗಿಗಳು ತಮ್ಮ ಆಸೆಯ ಒಂದು ಬಿಂಬವನ್ನೂ ಕಾಣದೆ ಬದುಕಿದರು. ಇಂದಿನ ಏಕಾಂತ ಅವರಿಗೆ ಬಿಡುಗಡೆ ಎಂಬುದು ಆ ವಾದ. ಇದನ್ನು ನಾನು ತಳ್ಳಿಹಾಕುವುದಿಲ್ಲ. ನೆಟ್‌ಫ್ಲಿಕ್ಸ್ ಮೇಲೆ ಮೊಕದ್ದಮೆ ಹೂಡಿದವರಲ್ಲಿ ತನ್ನ ಸಲಿಂಗಪ್ರೇಮ ಊರಿಗೆ ಗೊತ್ತಾದೀತೆಂದು ಹೆಸರು ಮರೆಸಿದ ತಾಯಿಯೊಬ್ಬಳಿದ್ದಳು ಎಂಬುದನ್ನು ಮರೆಯಬಾರದು. ಆದರೆ ನಾಚಿಕೆಯೂ ಹೊಣೆಯೂ ಒಂದೇ ಅಲ್ಲ. ಇತರರ ತಿರಸ್ಕಾರಕ್ಕೆ ಹೆದರಿ ತನ್ನನ್ನು ಅಡಗಿಸಿಕೊಳ್ಳುವುದು ನಾಚಿಕೆ. ತಾನು ಮಾಡಿದ್ದು ತನ್ನದು ಎಂದು ಒಪ್ಪಿ ಅದಕ್ಕೆ ಉತ್ತರ ಕೊಡಲು ಸಿದ್ಧನಾಗುವುದು ಹೊಣೆ. ನಾಚಿಕೆ ಮನುಷ್ಯನನ್ನು ಸುಳ್ಳಿಗೆ ದೂಡುತ್ತದೆ. ಹೊಣೆ ನಿಜಕ್ಕೆ ಕರೆಯುತ್ತದೆ. ಕೌಂಟರಿನಲ್ಲಿ ಇವೆರಡೂ ಬೆರೆತಿದ್ದವು, ನಾಚಿಕೆಯ ಪಾಲೇ ದೊಡ್ಡದಿತ್ತು. ಅದು ಹೋದದ್ದು ಒಳ್ಳೆಯದಾಯಿತು. ಆದರೆ ನಾಚಿಕೆಯನ್ನು ಎಸೆಯುವಾಗ ಅದರ ಜೊತೆಗಿದ್ದ ಹೊಣೆಯನ್ನೂ ಎಸೆದದ್ದು ಬಿಡುಗಡೆಯಲ್ಲ. ಯಶೋಧರನ ಕೇಡು ಕೂಡ ಇಲ್ಲೇ ಶುರುವಾದದ್ದು. ಕಂಡದ್ದನ್ನು ಕಂಡೆ ಎಂದು ಹೇಳಲು ನಾಚಿ ಕನಸಿನ ಕಥೆ ಕಟ್ಟಿದ. ಆ ಸುಳ್ಳಿನಿಂದಲೇ ಬಲಿಯ ಮಾತು ಹುಟ್ಟಿತು. ಅವನನ್ನು ಕೆಡಿಸಿದ್ದು ನಾಚಿಕೆ, ಅವನು ಹೊರಲಾರದೆ ಹೋದದ್ದು ಹೊಣೆ.

ಮೂರನೆಯ ಆಕ್ಷೇಪದ ಮುಂದೆ ಈ ಹಳಹಳಿಕೆ ಅರ್ಧ ಸೋಲಲೇಬೇಕು. ಆ ಚಿತ್ರಗಳು ಕೇಳಿದ ಲೆಕ್ಕ ಯಾರಿಂದ? ‘ಫೇಟಲ್ ಅಟ್ರಾಕ್ಷನ್’ಗೆ ಮೊದಲು ಚಿತ್ರೀಕರಿಸಿದ್ದ ಕೊನೆಯಲ್ಲಿ, ಮದುವೆಯಾದ ಗಂಡಸೊಬ್ಬ ಕೂಡಿ ಕೈಬಿಟ್ಟ ಹೆಣ್ಣು ತನ್ನನ್ನು ತಾನೇ ಕೊಂದುಕೊಳ್ಳುತ್ತಾಳೆ. ಅನುಮಾನ ಗಂಡಿನ ಮೇಲೆ ಬಂದು ಪೊಲೀಸರು ಅವನನ್ನು ಹಿಡಿದೊಯ್ಯುತ್ತಾರೆ. ಪರೀಕ್ಷಾರ್ಥ ಪ್ರದರ್ಶನದಲ್ಲಿ ಪ್ರೇಕ್ಷಕರು ಇದನ್ನು ಒಪ್ಪಲಿಲ್ಲ. ಆಗ ಹೆಂಡತಿಯೇ ಆ ಹೆಣ್ಣನ್ನು ಗುಂಡಿಟ್ಟು ಕೊಲ್ಲುವ ಹೊಸ ಕೊನೆಯನ್ನು ತೆಗೆದು ಸೇರಿಸಿದರು. ದಾಂಪತ್ಯಕ್ಕೆ ದ್ರೋಹ ಮಾಡಿದ ಗಂಡಸು ಮನೆಗೆ ಮರಳಿದ, ಲೆಕ್ಕವೆಲ್ಲ ಅವಳ ಹೆಣದ ಮೇಲೆ ಬರೆಯಲ್ಪಟ್ಟಿತು. ‘ಬೇಸಿಕ್ ಇನ್‌ಸ್ಟಿಂಕ್ಟ್’ ಚಿತ್ರೀಕರಣದ ಕಾಲದಲ್ಲೇ, 1991ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಸಲಿಂಗಿ ಸಂಘಟನೆಗಳು ತಮ್ಮನ್ನು ಕೊಲೆಗಡುಕರಂತೆ ತೋರಿಸುತ್ತಾರೆಂದು ಪ್ರತಿಭಟಿಸಿದವು. ಅದರ ಹೆಸರಾಂತ ದೃಶ್ಯವೊಂದರಲ್ಲಿ ಏನು ಕಾಣಿಸುತ್ತದೆ ಎಂಬುದರ ಬಗ್ಗೆ ತನ್ನನ್ನು ದಾರಿತಪ್ಪಿಸಲಾಗಿತ್ತು ಎಂದು ನಟಿ ಶರಾನ್ ಸ್ಟೋನ್ 2021ರ ಆತ್ಮಕಥೆಯಲ್ಲಿ ಬರೆದಿದ್ದಾರೆ, ನಿರ್ದೇಶಕ ಪಾಲ್ ವರ್ಹೂವನ್ ಅದನ್ನು ಅಲ್ಲಗಳೆದಿದ್ದಾರೆ. ಲೋಕಪ್ರಸಿದ್ಧ ಚಿತ್ರದಲ್ಲೇ ನಟಿಯ ಒಪ್ಪಿಗೆ ಹೀಗೆ ವಿವಾದಕ್ಕೆ ಒಳಗಾಗಬಹುದಾದರೆ, ಕೆಲವೇ ವಾರಗಳಲ್ಲಿ ಮುಗಿಸಬೇಕಾದ ಅಗ್ಗದ ಚಿತ್ರಗಳ ಸೆಟ್ಟಿನಲ್ಲಿ ಕೇಳುವವರಿಲ್ಲದ ನಟಿಯ ಮಾತಿಗೆ ಎಷ್ಟು ಬೆಲೆಯಿದ್ದೀತು ಎಂದು ಯೋಚಿಸಲೇಬೇಕು. ಸಿನಿಮಾ ಸಿದ್ಧಾಂತಿ ಲಾರಾ ಮಲ್ವಿ 1975ರಲ್ಲಿ ಹೇಳಿದ ಹಾಗೆ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬ ಹಂಚಿಕೆಯ ಮೇಲೆಯೇ ಈ ಲೋಕ ನಿಂತಿತ್ತು. ಕಡೆಗಣಿಸಲ್ಪಟ್ಟ ಹೆಂಡತಿಯ ಆಸೆಯನ್ನು ನಡುವಿಗಿಟ್ಟ ‘ಸೀಕ್ರೆಟ್ ಗೇಮ್ಸ್’ನಂಥ ಚಿತ್ರಗಳಿದ್ದವು ನಿಜ. ಅಲ್ಲೂ ಕ್ಯಾಮೆರಾ ನಿಂತದ್ದು ಅವಳ ಕಣ್ಣಿನ ಜಾಗದಲ್ಲಲ್ಲ, ಅವಳ ಮೈಯ ಎದುರು.

ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದನ್ನು ತುದಿ ಮುಟ್ಟಿಸುತ್ತದೆ. ನೋಟಕ್ಕೆ ಉತ್ತರ ಕೊಡಬೇಕೆಂಬುದು ನಿಜವಾದರೆ ತೋರಿಸಿದವನೂ, ತೋರಿಸಿ ಗಳಿಸಿದವನೂ ಉತ್ತರ ಕೊಡಬೇಕು. ಆ ಕಾಲ ಇದನ್ನು ಅರ್ಧಕ್ಕೇ ಬಿಟ್ಟಿತು. ಇನ್ನರ್ಧವನ್ನು ಪೂರೈಸುವ ಯತ್ನಗಳು ತಡವಾಗಿಯಾದರೂ ಬಂದಿವೆ. ಎಚ್‌ಬಿಒ 2018ರಿಂದ ತನ್ನ ಧಾರಾವಾಹಿಗಳ ಕಾಮದೃಶ್ಯಗಳಿಗೆ ನಟರ ಒಪ್ಪಿಗೆಯನ್ನು ಕಾಯುವ ಸಂಯೋಜಕರನ್ನು ನೇಮಿಸಲು ತೊಡಗಿತು. ಅಮೆರಿಕದ ನಟರ ಸಂಘ 2020ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಜಗ್ ಮುಂದ್ರಾ ಅವರ ಮುಂದಿನ ದಾರಿಯೂ ಇಲ್ಲಿ ಗಮನಾರ್ಹ. ಕ್ಯಾಸೆಟ್ಟಿನ ಕಾಮಕಥೆ ಮಾಡಿದ ಅದೇ ಮನುಷ್ಯ 2000ದಲ್ಲಿ ರಾಜಸ್ಥಾನದ ಭಂವರಿ ದೇವಿಯ ಮೇಲಿನ ಅತ್ಯಾಚಾರ ಮತ್ತು ಅವಳ ಹೋರಾಟವನ್ನು ಆಧರಿಸಿ ‘ಬವಂಡರ್’ ಮಾಡಿದರು. ಸುಪ್ರೀಂ ಕೋರ್ಟಿನ 1997ರ ವಿಶಾಖಾ ಮಾರ್ಗಸೂಚಿಗಳಿಗೆ ದಾರಿಯಾದ ಪ್ರಕರಣವದು. ಗಂಡನ ಹಿಂಸೆ ತಾಳಲಾರದೆ ಅವನಿಗೆ ಬೆಂಕಿಯಿಟ್ಟ ಕಿರಣ್‌ಜೀತ್ ಅಹ್ಲುವಾಲಿಯಾ ಕಥೆಯನ್ನು 2006ರಲ್ಲಿ ‘ಪ್ರೊವೋಕ್ಡ್’ ಎಂದು ತೆರೆಗೆ ತಂದರು. 2011ರಲ್ಲಿ ತೀರಿಕೊಂಡ ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ಬೇಡ. ಕೃತಿಗಳ ಸಾಲು ಮಾತ್ರ ಒಂದು ಮಾತು ಹೇಳುತ್ತದೆ: ಹೆಣ್ಣನ್ನು ನೋಡುವ ಗಂಡಿನ ಕಥೆಯಿಂದ, ತನ್ನ ಮೇಲೆ ಏನು ನಡೆಯಿತೆಂದು ತಾನೇ ಲೋಕಕ್ಕೆ ಹೇಳುವ ಹೆಣ್ಣಿನ ಕಥೆಗೆ ಒಬ್ಬ ನಿರ್ದೇಶಕ ಬರಬಲ್ಲ.

ಕೊನೆಯ ಆಕ್ಷೇಪ ಎರಡು ಕಡೆಯಿಂದ ಬರುತ್ತದೆ. ನಿಷ್ಠಾವಂತ ಧಾರ್ಮಿಕನು, ಪಾಪದಲ್ಲಿ ಹೆಚ್ಚು ಕಡಿಮೆ ಎಂದು ಅಳೆಯುವುದೇಕೆ, ಅಂದಿನದೂ ಇಂದಿನದೂ ಒಂದೇ ಎನ್ನುತ್ತಾನೆ. ಕಾವ್ಯಮೀಮಾಂಸೆಯನ್ನು ಬಲ್ಲವನು, ಶೃಂಗಾರವು ರಸವಾಗುವುದು ಅದು ನನ್ನದು ನಿನ್ನದು ಎಂಬ ಹಂಗು ಕಳಚಿ ಸಾಧಾರಣವಾದಾಗ; ಈ ಚಿತ್ರಗಳು ನೋಡುಗನ ಸ್ವಂತ ಕಾಮವನ್ನೇ ಕೆರಳಿಸುತ್ತವೆ, ಆದ್ದರಿಂದ ಚರ್ಚೆಗೇ ಅನರ್ಹ ಎನ್ನುತ್ತಾನೆ. ಇಬ್ಬರಿಗೂ ಉತ್ತರ ಒಂದೇ. ನಮ್ಮ ಆಲಂಕಾರಿಕರು ರಾವಣನಿಗೆ ಸೀತೆಯ ಮೇಲಿದ್ದ ಆಸೆಯನ್ನು ಶೃಂಗಾರವೆಂದು ಒಪ್ಪಲಿಲ್ಲ. ಆದರೆ ಅದನ್ನು ಕಸವೆಂದು ಗುಡಿಸಿ ಹಾಕಲೂ ಇಲ್ಲ. ಶೃಂಗಾರಾಭಾಸವೆಂದು ಹೆಸರಿಟ್ಟು ವಿಚಾರಕ್ಕೆ ತೆಗೆದುಕೊಂಡರು. ಕೀಳಿನಲ್ಲೂ ತರತಮವಿದೆ, ಅದನ್ನು ಅರಿಯುವುದು ವಿವೇಕದ ಕೆಲಸ ಎಂಬ ನಂಬಿಕೆ ಅದರ ಹಿಂದಿದೆ. ಕ್ಯಾಸೆಟ್ಟಿನ ಕಾಮಕಥೆ ಆಭಾಸವೇ ಸರಿ. ಆದರೂ ತಾನು ಆರಿಸಿ ನೋಡಿದೆ ಎಂದು ತಿಳಿದವನು, ನೋಟಕ್ಕೆ ಪರಿಣಾಮವಿದೆ ಎನ್ನುವ ಕಥೆಯನ್ನು ನೋಡಿದವನು, ಏನನ್ನು ಏಕೆ ನೋಡುತ್ತಿದ್ದೇನೆಂದು ತಿಳಿಯದೆ ಬೆರಳಾಡಿಸುವವನಿಗಿಂತ ವಿವೇಕಕ್ಕೆ ಹತ್ತಿರದಲ್ಲಿದ್ದಾನೆ. ಪಶ್ಚಾತ್ತಾಪವಾಗಲಿ ಸಂಯಮವಾಗಲಿ ಸಾಧ್ಯವಾಗುವುದು ಇದು ನಾನು ಮಾಡಿದ್ದು ಎಂದು ಗುರುತಿಸಬಲ್ಲವನಿಗೆ. ಆ ಗುರುತೇ ಅಳಿದರೆ ಯಾವ ಧರ್ಮದ ಉಪದೇಶಕ್ಕೂ ಹಿಡಿಯಲು ಕೈ ಸಿಗದು.

ಆದ್ದರಿಂದ ನನ್ನ ತೀರ್ಪು ಇದು. ಆ ಚಿತ್ರಗಳನ್ನು ಮತ್ತೆ ತಯಾರಿಸಬೇಕಿಲ್ಲ, ಆ ಅಂಗಡಿಗಳು ಮತ್ತೆ ತೆರೆಯಬೇಕಿಲ್ಲ. ಅವುಗಳ ಜೊತೆಗಿದ್ದ ನಾಚಿಕೆಯೂ ಅನ್ಯಾಯವೂ ಮರಳಿ ಬರುವುದು ಬೇಡ. ಹಳಹಳಿಕೆ ನಮಗೆ ತೋರಿಸಿಕೊಟ್ಟದ್ದನ್ನು ಮಾತ್ರ ಇಟ್ಟುಕೊಳ್ಳೋಣ. ಆರಿಸುವ ಕೆಲಸವನ್ನು ಯಂತ್ರದಿಂದ ಹಿಂದಕ್ಕೆ ಪಡೆಯೋಣ. ನೋಡುವ ಮೊದಲು ಇದನ್ನು ಏಕೆ ನೋಡುತ್ತೇನೆ, ಇದರಲ್ಲಿ ಕಾಣುವ ಮನುಷ್ಯರು ಒಪ್ಪಿ ಕಾಣಿಸಿಕೊಂಡರೇ, ಇದರಿಂದ ಗಳಿಸುವವರು ಯಾರು ಎಂದು ಕೇಳಿಕೊಳ್ಳೋಣ. ಕೌಂಟರಿನ ಆಚೆ ಕೂತಿದ್ದ ಅಪರಿಚಿತನ ಮುಂದೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಪ್ರತಿಯೊಬ್ಬರೂ ತಮಗೆ ತಾವೇ ಕೊಟ್ಟುಕೊಳ್ಳಬೇಕು. ಅದು ಮೊದಲಿಗಿಂತ ಕಷ್ಟದ ಕೆಲಸ, ಮೊದಲಿಗಿಂತ ಹೆಚ್ಚು ಅಗತ್ಯದ ಕೆಲಸ.